ಕ್ರೆಡಿಟ್ ಕಾರ್ಡಿನ ವೆಲ್‌ಕಮ್ ಬೋನಸ್ ಬೇಕಾ? ಮೊದಲು ಮನೆ ಖರ್ಚಿನ ಪಟ್ಟಿ ಬರೆಯಿರಿ

ಹೊಸ ಕ್ರೆಡಿಟ್ ಕಾರ್ಡ್ ತಗೊಂಡವರಿಗೆ ಬ್ಯಾಂಕುಗಳು ವೆಲ್‌ಕಮ್ ಬೋನಸ್ ಕೊಡುತ್ತವೆ. ಕೆಲವು ಕಾರ್ಡಿನಲ್ಲಿ ಮೊದಲ ವರ್ಷದ ಫೀ ಕಟ್ಟಿದರೆ ಸಾಕು, ವೋಚರ್ ಬರುತ್ತದೆ. ಇನ್ನು ಕೆಲವಕ್ಕೆ 30, 60 ಅಥವಾ 90 ದಿನದೊಳಗೆ ಇಷ್ಟು ಸಾವಿರ ಖರ್ಚು ಮಾಡಲೇಬೇಕು ಅಂತ ಷರತ್ತು ಇರುತ್ತದೆ. ಈ ಎರಡನೇ ಥರದ ಕಾರ್ಡಿನ ಬಗ್ಗೆಯೇ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಜನ ಎಡವುವುದು ಇಲ್ಲೇ. ಬೋನಸ್ ಎಷ್ಟು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಯಾವ ಖರ್ಚು ಲೆಕ್ಕಕ್ಕೆ ಬರುತ್ತದೆ, ದಿನ ಎಲ್ಲಿಂದ ಎಣಿಸುತ್ತಾರೆ ಅನ್ನುವುದು ಮಾತ್ರ ಕಾರ್ಡ್ ಕೈಗೆ ಬಂದು ತಿಂಗಳಾದರೂ ಗೊತ್ತಿರುವುದಿಲ್ಲ.

ನನ್ನ ಪ್ರಕಾರ ಕ್ರಮ ಹೀಗಿರಬೇಕು. ಹೇಗಿದ್ದರೂ ಮಾಡಲೇಬೇಕಾದ ಖರ್ಚು ಮೊದಲು. ಆ ಖರ್ಚಿನ ರೊಕ್ಕ ಎರಡನೆಯದು, ಅದು ಆಗಲೇ ಖಾತೆಯಲ್ಲಿರಬೇಕು, ಇಲ್ಲವೇ ಸಂಬಳದ ಥರ ಖಾತ್ರಿಯಾಗಿ ಬರುವಂತಿರಬೇಕು. ಕಾರ್ಡಿಗೆ ಅರ್ಜಿ ಹಾಕುವುದು ಕೊನೆಗೆ. ಕಾರ್ಡ್ ತಗೊಂಡು ಆಮೇಲೆ "ಇನ್ನೂ 20,000 ಖರ್ಚು ಮಾಡಬೇಕಲ್ಲ, ಏನು ತಗೊಳ್ಳೋಣ" ಅಂತ ಕೂತರೆ ಆ ಬೋನಸ್ ನಿಮ್ಮದಲ್ಲ, ಅಂಗಡಿಯವನದು.

ನಮ್ಮ ಕಡೆ ಖರ್ಚು ಬರುವ ಕಾಲ

ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಲ್ಲಿ ಖರ್ಚು ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಮೇ ಕೊನೆಗೆ, ಜೂನ್‌ಗೆ ಸ್ಕೂಲ್ ಫೀ, ಪುಸ್ತಕ, ಯೂನಿಫಾರ್ಮ್, ಹಾಸ್ಟೆಲ್. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟ ಕೂಡಲೇ ಗದ್ದೆಯ ಲಾಗೋಡಿ, ಅಂದರೆ ಬೀಜ, ಗೊಬ್ಬರ, ಕೂಲಿಯ ಖರ್ಚು ಶುರು. ದಸರಾ, ದೀಪಾವಳಿಗೆ ಬಟ್ಟೆ. ಮದುವೆ ಸೀಸನ್ ಬಂದರೆ ಜವಳಿ, ಪಾತ್ರೆ, ಫ್ರಿಜ್ಜು, ಬೀರು. ಈ ಖರ್ಚುಗಳು ಕಾರ್ಡ್ ಇದ್ದರೂ ಇರುತ್ತವೆ, ಇಲ್ಲದಿದ್ದರೂ ಇರುತ್ತವೆ. ಹಾಗಾಗಿ ಕಾರ್ಡಿನ 90 ದಿನ ಇಂಥ ದೊಡ್ಡ ಖರ್ಚಿನ ಮೇಲೆ ಬೀಳುವಂತೆ ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಜೂನ್‌ನ ಸ್ಕೂಲ್ ಫೀ ಕಾರ್ಡಿನಲ್ಲಿ ಕಟ್ಟಬೇಕು ಅಂತಿದ್ದರೆ ಏಪ್ರಿಲ್ ಕೊನೆಗೋ ಮೇ ಮೊದಲ ವಾರಕ್ಕೋ ಅರ್ಜಿ ಹಾಕಿ. ಡಿಸೆಂಬರ್‌ನಲ್ಲಿ ಆಫರ್ ಚೆನ್ನಾಗಿದೆ ಅಂತ ತಗೊಂಡರೆ ಮೂರು ತಿಂಗಳು ಬರೀ ಕಿರಾಣಿ ಬಿಲ್ಲಿನಲ್ಲೇ ಗುರಿ ಮುಟ್ಟಬೇಕಾಗುತ್ತದೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ತೋರಣಗಲ್ಲಿನ ಫ್ಯಾಕ್ಟರಿಯಲ್ಲೋ ಶಕ್ತಿನಗರದ ಥರ್ಮಲ್‌ನಲ್ಲೋ ಕೆಲಸ ಮಾಡುವವರಿಗೆ ತಿಂಗಳಿಗೊಮ್ಮೆ ಸಂಬಳ ಬರುತ್ತದೆ, ಕಾರ್ಡಿನ ಬಿಲ್ಲೂ ತಿಂಗಳಿಗೊಮ್ಮೆ ಬರುತ್ತದೆ, ಎರಡೂ ಹೊಂದಿಕೊಳ್ಳುತ್ತವೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ರೈತರಿಗೆ ರೊಕ್ಕ ಬರುವುದು ಭತ್ತ ಮಾರಿದಾಗ. ಎರಡನೇ ಬೆಳೆಗೆ ನೀರು ಸಿಕ್ಕರೆ ವರ್ಷಕ್ಕೆ ಎರಡು ಸಲ, ಇಲ್ಲದಿದ್ದರೆ ಒಂದೇ ಸಲ. ದಲ್ಲಾಳಿ ಅಂಗಡಿಯವರು ಉದ್ರಿ ಬರೆದುಕೊಂಡು ಸುಗ್ಗಿವರೆಗೆ ಕಾಯುತ್ತಾರೆ. ಬಡ್ಡಿ ಹಾಕಿಯಾದರೂ ಕಾಯುತ್ತಾರೆ. ಕ್ರೆಡಿಟ್ ಕಾರ್ಡ್ ಕಾಯುವುದಿಲ್ಲ, ಜಾಸ್ತಿ ಅಂದರೆ 45ರಿಂದ 50 ದಿನ, ಅಷ್ಟೇ. ಜುಲೈನಲ್ಲಿ ಲಾಗೋಡಿ ಕಾರ್ಡಿಗೆ ಹಾಕಿ ಡಿಸೆಂಬರ್‌ನಲ್ಲಿ ಭತ್ತ ಮಾರಿ ಕಟ್ಟುತ್ತೇನೆ ಅನ್ನುವ ಲೆಕ್ಕ ಇದ್ದರೆ ದಯವಿಟ್ಟು ಈ ಬೋನಸ್ಸಿನ ಸಹವಾಸ ಬೇಡ. ಹೋದ ಬೆಳೆಯ ರೊಕ್ಕ ಖಾತೆಯಲ್ಲಿದ್ದರೆ ಮಾತ್ರ ಮುಂದಕ್ಕೆ ಓದಿ.

ಪಟ್ಟಿ ಬರೆಯುವುದು ಹೇಗೆ

ಒಂದು ಹಾಳೆ ತಗೊಂಡು ಮುಂದಿನ ಮೂರು ತಿಂಗಳ ಖರ್ಚು ಬರೆಯಿರಿ. ಉದಾಹರಣೆಗೆ ಗುರಿ 90 ದಿನಕ್ಕೆ 50,000 ರೂಪಾಯಿ ಅಂತ ಇಟ್ಟುಕೊಳ್ಳೋಣ. ಕಿರಾಣಿ ತಿಂಗಳಿಗೆ 6,000 ಅಂದರೆ ಮೂರು ತಿಂಗಳಿಗೆ 18,000. ಅಪ್ಪ ಅಮ್ಮನ ಬಿಪಿ, ಶುಗರ್ ಮಾತ್ರೆ ತಿಂಗಳಿಗೆ 1,200, ಒಟ್ಟು 3,600. ಮೊಬೈಲ್ ರೀಚಾರ್ಜ್ ಮನೆಯವರದೆಲ್ಲ ಸೇರಿ 2,400. ಇಲ್ಲಿಗೆ 24,000 ಆಯಿತು. ಸ್ಕೂಲ್ ಫೀ ಮೊದಲ ಕಂತು 22,000 ಸೇರಿದರೆ 46,000. ಬೈಕಿಗೆ ಎರಡೂ ಟೈರ್ ಹಾಕಿಸುವುದಿದ್ದರೆ ಇನ್ನೊಂದು 4,000. ಸರಿಯಾಗಿ 50,000.

ಸರಿಯಾಗಿ ಅಂದರೆ ಸಾಲದು ಅಂತಲೇ ಅರ್ಥ. ಗುರಿಗಿಂತ ಒಂದು ಮೂರ್ನಾಲ್ಕು ಸಾವಿರ ಮೇಲಿರಬೇಕು, ಯಾಕೆಂದರೆ ಯಾವುದೋ ಒಂದು ಖರ್ಚನ್ನು ಬ್ಯಾಂಕ್ ಲೆಕ್ಕಕ್ಕೆ ಹಿಡಿಯುವುದಿಲ್ಲ, ಯಾವುದೋ ಒಂದು ಸಾಮಾನು ವಾಪಸ್ ಹೋಗುತ್ತದೆ. ಪಟ್ಟಿಯಲ್ಲಿ ಪೆಟ್ರೋಲ್ ಮತ್ತು ಕರೆಂಟ್ ಬಿಲ್ ನಾನು ಸೇರಿಸಿಲ್ಲ ನೋಡಿ. ಪೆಟ್ರೋಲನ್ನು ಬಹಳ ಕಾರ್ಡುಗಳು ಬೋನಸ್ ಗುರಿಗೆ ಹಿಡಿಯುವುದೇ ಇಲ್ಲ. ಕರೆಂಟ್ ಬಿಲ್ ಕೆಲವು ಹಿಡಿಯುತ್ತವೆ, ಕೆಲವು ಇಲ್ಲ. ಗೃಹಜ್ಯೋತಿ ಇರುವ ಮನೆಗೆ ಜೆಸ್ಕಾಂ ಬಿಲ್ ಹೇಗೂ ಸೊನ್ನೆ ಬರುತ್ತಿರಬಹುದು, ಅದನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ.

ಇನ್ನೊಂದು ಲೆಕ್ಕ ಇದರ ಪಕ್ಕದಲ್ಲೇ ಬರೆಯಿರಿ. ಬೋನಸ್ 2,000 ರೂಪಾಯಿಯ ವೋಚರ್, ಜಾಯಿನಿಂಗ್ ಫೀ 1,000 ಅಂತಿಟ್ಟುಕೊಳ್ಳಿ. ಫೀ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಇದೆ, ಅಂದರೆ 1,180. ಕೈಗೆ ಉಳಿಯುವುದು 820 ರೂಪಾಯಿ. ಆ ವೋಚರ್ ಕೂಡ ನೀವು ಯಾವತ್ತೂ ಹೋಗದ ಬ್ರ್ಯಾಂಡಿನ ಅಂಗಡಿಯದ್ದಾಗಿದ್ದರೆ, ಅದಕ್ಕಾಗಿ ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕಾದರೆ, ಆ 820ಕ್ಕೂ ಬೆಲೆ ಇಲ್ಲ. ಆನ್‌ಲೈನ್‌ನಲ್ಲಿ ಬಳಸಲು ಬರುವ ವೋಚರ್ ಅಥವಾ ನೇರ ಕ್ಯಾಶ್‌ಬ್ಯಾಕ್ ನಮ್ಮಂಥ ಊರಿನವರಿಗೆ ವಾಸಿ.

ದಿನ ಎಣಿಸುವುದು ಯಾವತ್ತಿನಿಂದ

ಬಹಳ ಜನ ಕಾರ್ಡ್ ಕವರ್ ಒಡೆದ ದಿನದಿಂದ ಎಣಿಸುತ್ತಾರೆ. ಬ್ಯಾಂಕ್ ಸಾಮಾನ್ಯವಾಗಿ ಎಣಿಸುವುದು ಕಾರ್ಡ್ ಇಶ್ಯೂ ಆದ ದಿನದಿಂದ, ಅಂದರೆ ಅವರ ಸಿಸ್ಟಮ್‌ನಲ್ಲಿ ಕಾರ್ಡ್ ಹುಟ್ಟಿದ ದಿನದಿಂದ. ಅಲ್ಲಿಂದ ಪ್ರಿಂಟ್ ಆಗಿ, ಕೊರಿಯರ್ ಹತ್ತಿ, ತಾಲೂಕಿನ ಆಫೀಸಿಗೆ ಬಂದು, ಹಳ್ಳಿಯಲ್ಲಿದ್ದರೆ "ಸರ್ ನೀವೇ ಬಂದು ತಗೊಂಡು ಹೋಗ್ರಿ" ಅಂತ ಫೋನ್ ಬರುವಷ್ಟರಲ್ಲಿ ಒಂದು ವಾರ ಹತ್ತು ದಿನ ಹೋಗಿರುತ್ತದೆ. 30 ದಿನದ ಗುರಿ ಇದ್ದರೆ ಮೂರನೇ ಒಂದು ಭಾಗ ಅಲ್ಲೇ ಮುಗಿಯಿತು. ಈಗ ಬಹಳ ಬ್ಯಾಂಕುಗಳ ಆ್ಯಪ್‌ನಲ್ಲಿ ಕಾರ್ಡ್ ನಂಬರ್ ಮೊದಲೇ ಕಾಣುತ್ತದೆ. ಪ್ಲಾಸ್ಟಿಕ್ ಬರುವವರೆಗೆ ಕಾಯದೆ ಆನ್‌ಲೈನ್ ಖರ್ಚು ಶುರು ಮಾಡಬಹುದು.

ಕಾರ್ಡ್ ಬಂದ ಮೇಲೂ ತಕ್ಷಣ ಎಲ್ಲ ಕಡೆ ನಡೆಯುವುದಿಲ್ಲ. ಆರ್‌ಬಿಐ 2020ರಲ್ಲಿ ತಂದ ನಿಯಮದ ಪ್ರಕಾರ ಹೊಸ ಕಾರ್ಡ್ ಎಟಿಎಂ ಮತ್ತು ಅಂಗಡಿಯ ಸ್ವೈಪ್ ಮಷಿನ್‌ನಲ್ಲಿ ಮಾತ್ರ, ಅದೂ ದೇಶದೊಳಗೆ ಮಾತ್ರ ನಡೆಯುವಂತೆ ಬರುತ್ತದೆ. ಆನ್‌ಲೈನ್ ಮತ್ತು ಟ್ಯಾಪ್ ಮಾಡುವುದನ್ನು ನೀವೇ ಆ್ಯಪ್‌ನಲ್ಲಿ ಆನ್ ಮಾಡಬೇಕು. ಸ್ಕೂಲಿನ ಫೀ ಕೌಂಟರ್ ಮುಂದೆ ನಿಂತು, ಹಿಂದೆ ಇಪ್ಪತ್ತು ಜನ ಕ್ಯೂ ಇದ್ದಾಗ ಇದನ್ನು ಹುಡುಕುವ ಪಾಡು ಬೇಡ, ಹಿಂದಿನ ರಾತ್ರಿಯೇ ಮಾಡಿಟ್ಟುಕೊಳ್ಳಿ. ಲಿಮಿಟ್ ಎಷ್ಟು ಇಟ್ಟಿದ್ದಾರೆ ಅಂತಲೂ ಅಲ್ಲೇ ನೋಡಿ. ಒಟ್ಟು ಲಿಮಿಟ್ 80,000 ಇದ್ದರೂ ಆನ್‌ಲೈನ್‌ಗೆ 10,000 ಅಂತ ಇಟ್ಟಿರಬಹುದು.

ಅರ್ಜಿ ಹಾಕುವ ಮೊದಲು ಷರತ್ತಿನ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಇದು ಸಣ್ಣ ಕೆಲಸ, ಬಹಳ ಉಪಯೋಗದ ಕೆಲಸ. ಆಫರ್ ತಿಂಗಳು ತಿಂಗಳು ಬದಲಾಗುತ್ತದೆ, ಮೂರು ತಿಂಗಳು ಬಿಟ್ಟು ನೋಡಿದರೆ ಹಳೆಯ ಪುಟ ಇರುವುದೇ ಇಲ್ಲ. ಜೊತೆಗೆ ಕಸ್ಟಮರ್ ಕೇರ್‌ಗೆ ಒಂದು ಇಮೇಲ್ ಹಾಕಿ: ನನ್ನ ಗುರಿ ಎಷ್ಟು, ಯಾವ ತಾರೀಖಿನಿಂದ ಯಾವ ತಾರೀಖಿಗೆ, ಯಾವ ಖರ್ಚು ಸೇರುವುದಿಲ್ಲ. ಫೋನ್‌ನಲ್ಲಿ ಕೇಳಬೇಡಿ ಅಂತಲ್ಲ, ಆದರೆ ಫೋನ್‌ನಲ್ಲಿ ಹೇಳಿದ್ದು ಆಮೇಲೆ ಸಾಕ್ಷಿಗೆ ನಿಲ್ಲುವುದಿಲ್ಲ. ಕಾರ್ಡ್ ಮಾರಿದ ಏಜೆಂಟ್ ಹೇಳಿದ್ದಂತೂ ಇನ್ನೂ ನಿಲ್ಲುವುದಿಲ್ಲ.

ಯಾವ ಖರ್ಚು ಸೇರುತ್ತದೆ, ಯಾವುದು ಸೇರುವುದಿಲ್ಲ

ಎಟಿಎಂನಿಂದ ರೊಕ್ಕ ತೆಗೆದರೆ ಯಾವ ಕಾರ್ಡಿನಲ್ಲೂ ಸೇರುವುದಿಲ್ಲ ಅಂತಲೇ ತಿಳಿಯಿರಿ. ಅದಕ್ಕೆ ಫೀ ಬೇರೆ, ತೆಗೆದ ದಿನದಿಂದಲೇ ಬಡ್ಡಿ ಬೇರೆ. ವಾಲೆಟ್‌ಗೆ ರೊಕ್ಕ ಹಾಕುವುದು, ಪೆಟ್ರೋಲ್, ಬಾಡಿಗೆ, ಇಎಂಐಗೆ ಬದಲಾಯಿಸಿದ ಖರೀದಿ, ಕಾರ್ಡಿನದೇ ಫೀ ಮತ್ತು ಬಡ್ಡಿ, ಇವನ್ನು ಬಹಳ ಕಾರ್ಡುಗಳು ಹೊರಗಿಡುತ್ತವೆ. ಇನ್ಶೂರೆನ್ಸ್, ಸರ್ಕಾರಿ ಪಾವತಿ, ಚಿನ್ನ, ಸ್ಕೂಲ್ ಫೀ, ಇವು ಕಾರ್ಡಿನಿಂದ ಕಾರ್ಡಿಗೆ ಬೇರೆ. ನಿಮ್ಮ ಪಟ್ಟಿಯಲ್ಲಿ ದೊಡ್ಡ ಮೊತ್ತ ಯಾವುದೋ ಅದು ಸೇರುತ್ತದಾ ಅಂತ ಮೊದಲು ನೋಡಬೇಕು. ಮೇಲಿನ ಲೆಕ್ಕದಲ್ಲಿ ಸ್ಕೂಲ್ ಫೀ ಸೇರದಿದ್ದರೆ 50,000ದ ಗುರಿ 28,000ಕ್ಕೆ ನಿಂತುಬಿಡುತ್ತದೆ, ಅಲ್ವಾ.

ಸ್ಕೂಲ್ ಫೀ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಯಾವುದೋ ಪೇಮೆಂಟ್ ಆ್ಯಪ್ ಮೂಲಕ ಫೀ ಕಟ್ಟಿದರೆ ಈಗ ಕೆಲವು ಬ್ಯಾಂಕುಗಳು 1 ಪರ್ಸೆಂಟ್ ಚಾರ್ಜ್ ಹಾಕುತ್ತವೆ. ಅದೇ ಫೀ ಸ್ಕೂಲಿನ ಸ್ವಂತ ವೆಬ್‌ಸೈಟಿನಲ್ಲೋ, ಆಫೀಸಿನ ಸ್ವೈಪ್ ಮಷಿನ್‌ನಲ್ಲೋ ಕಟ್ಟಿದರೆ ಆ ಚಾರ್ಜ್ ಬೀಳುವುದಿಲ್ಲ. ಆದ್ದರಿಂದ ಸ್ಕೂಲ್ ಆಫೀಸಿಗೆ ಒಂದು ಸಲ ಹೋಗಿ ಮಷಿನ್ ಇದೆಯಾ, ಕ್ರೆಡಿಟ್ ಕಾರ್ಡ್ ತಗೊಳ್ತೀರಾ, ಅದರ ಮೇಲೆ ಎಕ್ಸ್‌ಟ್ರಾ ಏನಾದರೂ ಹಾಕ್ತೀರಾ ಅಂತ ಮೂರೂ ಪ್ರಶ್ನೆ ಕೇಳಿ ಬನ್ನಿ.

ಬ್ಯಾಂಕಿಗೆ ನೀವು ಏನು ತಗೊಂಡಿರಿ ಅಂತ ಕಾಣುವುದಿಲ್ಲ. ಅಂಗಡಿಯ ಮಷಿನ್‌ಗೆ ಒಂದು ನಾಲ್ಕಂಕಿಯ ಕೋಡ್ ಇರುತ್ತದೆ, ಈ ಅಂಗಡಿ ಕಿರಾಣಿ, ಇದು ಔಷಧಿ, ಇದು ಪೆಟ್ರೋಲ್ ಅಂತ. ಬ್ಯಾಂಕ್ ನೋಡುವುದು ಆ ಕೋಡ್ ಮಾತ್ರ. ಮಷಿನ್ ಹಾಕಿಸುವಾಗ ಅಂಗಡಿಯವರು ಯಾವ ವ್ಯಾಪಾರ ಅಂತ ಬರೆಸಿದ್ದರೋ ಅದೇ ಕೋಡ್. ಅಣ್ಣನ ಆಟೊಮೊಬೈಲ್ ಅಂಗಡಿಗೆ ತಗೊಂಡ ಮಷಿನ್ ತಮ್ಮನ ಬಟ್ಟೆ ಅಂಗಡಿ ಕೌಂಟರ್ ಮೇಲೆ ಕೂತಿದ್ದರೆ ನಿಮ್ಮ ಸೀರೆ ಬ್ಯಾಂಕಿನ ಪುಸ್ತಕದಲ್ಲಿ ಗಾಡಿಯ ಬಿಡಿಭಾಗ. ಇದರಿಂದ ಬಹಳ ಸಲ ತೊಂದರೆ ಇಲ್ಲ, ಎರಡೂ ಸೇರುವ ಖರ್ಚೇ. ಆದರೆ ಪೆಟ್ರೋಲ್ ಬಂಕಿನ ಆವರಣದಲ್ಲಿರುವ ಅಂಗಡಿಯಲ್ಲಿ ಸಾಮಾನು ತಗೊಂಡು ಬಂಕಿನ ಮಷಿನ್‌ನಲ್ಲೇ ಉಜ್ಜಿದರೆ ಅದು ಪೆಟ್ರೋಲ್ ಆಗಿಬಿಡುತ್ತದೆ. ದೊಡ್ಡ ಖರೀದಿಗೆ ಮೊದಲು ಅದೇ ಅಂಗಡಿಯಲ್ಲಿ ಒಂದು ಸಣ್ಣ ಬಿಲ್ ಮಾಡಿ, ಎರಡು ಮೂರು ದಿನ ಬಿಟ್ಟು ಆ್ಯಪ್‌ನಲ್ಲಿ ಯಾವ ವರ್ಗಕ್ಕೆ ಹೋಯಿತು, ಖರ್ಚಿಗೆ ಬ್ಯಾಂಕ್ ಕೊಡುವ ರಿವಾರ್ಡ್ ಪಾಯಿಂಟ್ ಬಂತಾ ಅಂತ ನೋಡಿ. ಪಾಯಿಂಟ್ ಬಂದಿದ್ದರೆ ಗುರಿಗೂ ಸೇರಿರುವ ಸಾಧ್ಯತೆ ಜಾಸ್ತಿ.

ಗೊಬ್ಬರದ ಅಂಗಡಿಯ ಬಗ್ಗೆ ಒಂದು ಮಾತು. ಅಲ್ಲಿ ಹೆಬ್ಬೆಟ್ಟು ಇಡುವ ಮಷಿನ್ ಇರುತ್ತದಲ್ಲ, ಅದು ಸಬ್ಸಿಡಿ ಗೊಬ್ಬರಕ್ಕೆ ಆಧಾರ್ ನೋಡುವ ಮಷಿನ್. ಅದರಲ್ಲಿ ಕಾರ್ಡ್ ನಡೆಯುವುದಿಲ್ಲ. ಕಾರ್ಡಿಗೆ ಬೇರೆ ಮಷಿನ್ ಇದೆಯಾ, ಇಲ್ಲ ಸ್ಕ್ಯಾನರ್ ಇದೆಯಾ ಅಂತ ಕೇಳಬೇಕು.

ಸ್ಕ್ಯಾನರ್ ಇರುವ ಕಡೆ ರುಪೇ ಕಾರ್ಡ್

ನಮ್ಮ ಊರುಗಳಲ್ಲಿ ಸ್ವೈಪ್ ಮಷಿನ್ ಇರುವುದು ದೊಡ್ಡ ಅಂಗಡಿಗಳಲ್ಲಿ. ಬಳ್ಳಾರಿಯ ಬೆಂಗಳೂರು ರೋಡಿನ ಬಟ್ಟೆ ಅಂಗಡಿ, ಶೋರೂಂ, ದೊಡ್ಡ ಆಸ್ಪತ್ರೆ, ಇಂಥಲ್ಲಿ ಸಿಗುತ್ತದೆ. ಆದರೆ ಸ್ಕ್ಯಾನರ್ ಮಾತ್ರ ತಳ್ಳುಗಾಡಿಯಲ್ಲೂ ಇದೆ, ಸಂತೆಯಲ್ಲೂ ಇದೆ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು. ಫೋನ್‌ಪೇ, ಗೂಗಲ್ ಪೇ, ಭೀಮ್, ಪೇಟಿಎಂ, ಯಾವುದರಲ್ಲಾದರೂ ಕಾರ್ಡ್ ಸೇರಿಸಿ ಪಿನ್ ಇಟ್ಟುಕೊಂಡರೆ ಆಯಿತು, ಸ್ಕ್ಯಾನ್ ಮಾಡುವಾಗ ಬ್ಯಾಂಕ್ ಖಾತೆ ಬದಲು ಕಾರ್ಡ್ ಆರಿಸಬೇಕು. ವೀಸಾ, ಮಾಸ್ಟರ್‌ಕಾರ್ಡಿನಲ್ಲಿ ಈ ಸೌಲಭ್ಯ ಇಲ್ಲ. ಹಾಗಾಗಿ ಕೊಪ್ಪಳ, ಮಾನ್ವಿ, ಕುಷ್ಟಗಿಯಂಥ ಊರಿನಲ್ಲಿ ಇರುವವರು ಮೊದಲ ಕಾರ್ಡ್ ತಗೊಳ್ಳುವುದಾದರೆ ರುಪೇಯದೇ ತಗೊಳ್ಳಿ ಅನ್ನುವುದು ನನ್ನ ಸಲಹೆ. ಬೋನಸ್ ಸ್ವಲ್ಪ ಕಡಿಮೆ ಇದ್ದರೂ ಪರವಾಗಿಲ್ಲ, ಗುರಿ ಮುಟ್ಟಲು ದಾರಿ ಸುಲಭ.

ಅದರಲ್ಲೂ ಒಂದು ತೊಡಕಿದೆ. ಕಾರ್ಡಿನ ಯುಪಿಐ ವ್ಯಾಪಾರಿ ಸ್ಕ್ಯಾನರ್‌ಗೆ ಮಾತ್ರ ಹೋಗುತ್ತದೆ, ಒಬ್ಬರ ಸ್ವಂತ ಖಾತೆಗೆ ಹೋಗುವುದಿಲ್ಲ. ಹಳೆ ಕಿರಾಣಿ ಅಂಗಡಿಗಳಲ್ಲಿ ಎಷ್ಟೋ ಕಡೆ ಮಾಲೀಕರ ಮಗನ ಸ್ವಂತ ನಂಬರಿನ ಸ್ಕ್ಯಾನರ್ ಪ್ರಿಂಟ್ ತೆಗೆದು ಅಂಟಿಸಿರುತ್ತಾರೆ. ಅಲ್ಲಿ ಕಾರ್ಡ್ ಆಯ್ಕೆಯೇ ಬರುವುದಿಲ್ಲ. ಸಾಮಾನು ಕಟ್ಟಿಸುವ ಮೊದಲೇ ಕೇಳಿಬಿಡಿ, "ಅಣ್ಣಾ, ಇದು ಅಂಗಡಿ ಸ್ಕ್ಯಾನರಾ, ನಿಮ್ಮ ಸ್ವಂತದ್ದಾ?" ರೊಕ್ಕ ಬಂದಾಗ ಕೂಗಿ ಹೇಳುವ ಸೌಂಡ್ ಬಾಕ್ಸ್ ಇದ್ದರೆ ಬಹುತೇಕ ಅದು ಅಂಗಡಿಯದ್ದೇ. ಸಣ್ಣ ವ್ಯಾಪಾರಿಗೆ 2,000 ರೂಪಾಯಿವರೆಗಿನ ಇಂಥ ಪಾವತಿಗೆ ಚಾರ್ಜ್ ಇಲ್ಲ, ಆದ್ದರಿಂದ ಕಿರಾಣಿಯವರು ಬೇಡ ಅನ್ನಲು ಕಾರಣವೂ ಇಲ್ಲ. ಕೆಲವು ಕಾರ್ಡುಗಳಲ್ಲಿ ಯುಪಿಐ ಖರ್ಚಿಗೆ ಪಾಯಿಂಟ್ ಕಡಿಮೆ, ಗುರಿಗೆ ಸೇರುತ್ತದೋ ಇಲ್ಲವೋ ಅಂತಲೂ ಬೇರೆಯಾಗಿ ಬರೆದಿರುತ್ತಾರೆ. ಮೇಲೆ ಹೇಳಿದ ಇಮೇಲ್‌ನಲ್ಲಿ ಈ ಪ್ರಶ್ನೆಯನ್ನೂ ಸೇರಿಸಿ.

ಮನೆಯಲ್ಲಿ ಖರ್ಚು ಮಾಡುವವರು ಇಬ್ಬರು ಮೂವರು ಇದ್ದರೆ ಆ್ಯಡ್-ಆನ್ ಕಾರ್ಡ್, ಅಂದರೆ ನಿಮ್ಮ ಕಾರ್ಡಿನ ಜೊತೆಗೇ ಮನೆಯವರ ಹೆಸರಿಗೆ ಕೊಡುವ ಇನ್ನೊಂದು ಕಾರ್ಡ್ ತಗೊಳ್ಳಬಹುದು. ಹೆಂಡತಿ, ಅಮ್ಮ, ಕಾಲೇಜಿಗೆ ಹೋಗುವ ಮಗಳು, ಅವರು ಮಾಡಿದ್ದೂ ಸಾಮಾನ್ಯವಾಗಿ ನಿಮ್ಮ ಗುರಿಗೇ ಸೇರುತ್ತದೆ, ಬಿಲ್ಲೂ ನಿಮಗೇ ಬರುತ್ತದೆ. ಅದು ನೆನಪಿರಲಿ.

ಎರಡು ಪರ್ಸೆಂಟ್, ಮತ್ತೆ ಕಾರ್ಡ್ ಉಜ್ಜಿ ಕ್ಯಾಶ್ ಕೊಡುವವರು

ಜವಳಿ ತೆಗೆಯಲು ಹೋದಿರಿ, ಬಿಲ್ 40,000 ಆಯಿತು, ಕಾರ್ಡ್ ತೆಗೆದ ಕೂಡಲೇ ಅಂಗಡಿಯವರು "ಕಾರ್ಡಾದರೆ ಎರಡು ಪರ್ಸೆಂಟ್ ಜಾಸ್ತಿ ಆಗುತ್ತೆ ಸರ್" ಅಂದರು. ಎರಡು ಪರ್ಸೆಂಟ್ ಕೇಳಲು ಸಣ್ಣದು. 40,000ಕ್ಕೆ ಅದು 800 ರೂಪಾಯಿ. ಮೇಲೆ ಲೆಕ್ಕ ಹಾಕಿದಂತೆ ಕೈಗೆ ಉಳಿಯುವ 820ರಲ್ಲಿ 800 ಇಲ್ಲೇ ಹೋಯಿತು. ಅಂಥ ಕಡೆ ನಗದು ರೇಟಿಗೇ ಕಾರ್ಡ್ ತಗೊಳ್ಳಿ ಅಂತ ಕೇಳಿ ನೋಡಿ, ಬಿಲ್ ದೊಡ್ಡದಿದ್ದರೆ ಒಪ್ಪುತ್ತಾರೆ. ಒಪ್ಪದಿದ್ದರೆ ಯುಪಿಐನಲ್ಲಿ ಖಾತೆಯಿಂದಲೇ ಕೊಟ್ಟುಬಿಡಿ. ಗುರಿ ಮುಟ್ಟಲು ಕೊನೆಯ 3,000 ಮಾತ್ರ ಬಾಕಿ ಇದ್ದರೆ ಆಗ 60 ರೂಪಾಯಿ ಕೊಡುವುದು ಬೇರೆ ಮಾತು.

ವಾಪಸ್ ಮಾಡಿದ್ದು ಕಳೆಯುತ್ತದೆ ಅನ್ನುವುದೂ ಜವಳಿಯಲ್ಲೇ ಹೆಚ್ಚು ಆಗುತ್ತದೆ. ಬೀಗರಿಗೆ ಸೀರೆ ಹಿಡಿಸಲಿಲ್ಲ, 6,000ದ ಸೀರೆ ವಾಪಸ್ ಹೋಯಿತು, ಕಾರ್ಡಿಗೆ ರಿಫಂಡ್ ಬಂತು. ಬ್ಯಾಂಕ್ ಆ 6,000ವನ್ನು ಗುರಿಯಿಂದಲೂ ಕಳೆಯುತ್ತದೆ. ಗುರಿ ಮುಟ್ಟಿತು ಅಂತ ನಿಶ್ಚಿಂತೆಯಾಗಿ ಕೂತವರಿಗೆ ಇದು ಗೊತ್ತಾಗುವುದು 90 ದಿನ ಮುಗಿದ ಮೇಲೆ. ವಾಪಸ್ ಬದಲು ಅದೇ ಅಂಗಡಿಯಲ್ಲಿ ಬೇರೆ ಸೀರೆ ತಗೊಂಡರೆ ಈ ತೊಂದರೆ ಇಲ್ಲ.

ಇನ್ನು ಕಾರ್ಡ್ ಉಜ್ಜಿ ಕ್ಯಾಶ್ ಕೊಡುವವರು ಪ್ರತಿ ಊರಿನಲ್ಲೂ ಇದ್ದಾರೆ. ಸಾಮಾನು ತಗೊಂಡಂತೆ ಬಿಲ್ ಮಾಡಿ, ತಮ್ಮ ಕಮಿಷನ್ ಹಿಡಿದು ಉಳಿದದ್ದು ಕೈಗೆ ಕೊಡುತ್ತಾರೆ. ಬೋನಸ್ ಗುರಿಗೆ ಇದು ಸುಲಭದ ದಾರಿ ಅಂತ ಹೇಳಿಕೊಡುವವರೂ ಇದ್ದಾರೆ. ಮಾಡಬೇಡಿ. ಕಾರ್ಡಿನ ಷರತ್ತಿಗೆ ಇದು ವಿರುದ್ಧ, ಬ್ಯಾಂಕಿಗೆ ಅನುಮಾನ ಬಂದರೆ ಬೋನಸ್ ಕೊಡುವುದಿಲ್ಲ, ಕಾರ್ಡನ್ನೇ ಬ್ಲಾಕ್ ಮಾಡುತ್ತದೆ. ನಿಮ್ಮ ಕಾರ್ಡ್ ನಂಬರ್ ಗುರುತು ಪರಿಚಯ ಇಲ್ಲದವರ ಕೈಯಲ್ಲಿ ಓಡಾಡುವುದು ಬೇರೆ.

ಗೆಳೆಯರ ಖರೀದಿ ನಿಮ್ಮ ಕಾರ್ಡಿನಲ್ಲಿ ಮಾಡಿ ಅವರಿಂದ ರೊಕ್ಕ ತಗೊಳ್ಳುವುದು ಸಾಚಾ ದಾರಿ, ಅವರು ನಿಜವಾಗಿ ಫ್ರಿಜ್ ತಗೊಳ್ಳುತ್ತಿದ್ದಾರೆ, ನಿಜವಾದ ಬಿಲ್ ಇದೆ. ಆದರೆ ರೊಕ್ಕ ಮೊದಲು ನಿಮ್ಮ ಖಾತೆಗೆ ಬರಲಿ, ಆಮೇಲೆ ಕಾರ್ಡ್ ಉಜ್ಜಿ. ಮಾವನ ಮಗ ಆದರೂ ಸರಿ. ಹಾಗಂತ ಊರವರ ಖರೀದಿಯೆಲ್ಲ ನಿಮ್ಮ ಕಾರ್ಡಿಗೆ ಹಾಕಬೇಡಿ. ಒಂದು ಆರ್ಥಿಕ ವರ್ಷದಲ್ಲಿ ಕಾರ್ಡ್ ಬಿಲ್ಲಿಗೆ ನಗದಾಗಿ 1 ಲಕ್ಷ, ಅಥವಾ ಬೇರೆ ರೀತಿಯಲ್ಲಿ 10 ಲಕ್ಷ ರೂಪಾಯಿ ಕಟ್ಟಿದರೆ ಬ್ಯಾಂಕ್ ಅದನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸಲೇಬೇಕು. ಬಿಲ್ಲನ್ನು ನಗದಾಗಿ ಕಟ್ಟುವ ಅಭ್ಯಾಸವೇ ಬೇಡ.

ಬಿಲ್ ಪೂರ್ತಿ ಕಟ್ಟುವುದು

ಬೋನಸ್ಸಿನ ಲಾಭ ಉಳಿಯುವುದು ಅಥವಾ ಮುಳುಗುವುದು ಇಲ್ಲಿ. ಬಿಲ್ ಬಂದಾಗ ಎರಡು ಮೊತ್ತ ಕಾಣುತ್ತದೆ. ಒಂದು ಟೋಟಲ್ ಡ್ಯೂ, ಇನ್ನೊಂದು ಮಿನಿಮಮ್ ಡ್ಯೂ. ಮಿನಿಮಮ್ ಕಟ್ಟಿದರೆ ಲೇಟ್ ಫೀ ಬೀಳುವುದಿಲ್ಲ ಅಷ್ಟೇ, ಬಡ್ಡಿ ಪೂರ್ತಿ ಬೀಳುತ್ತದೆ. ಅದರ ಮೇಲೆ, ಬಾಕಿ ಉಳಿದಿರುವಾಗ ಮಾಡಿದ ಹೊಸ ಖರೀದಿಗೂ ಖರೀದಿ ಮಾಡಿದ ದಿನದಿಂದಲೇ ಬಡ್ಡಿ. ತಿಂಗಳಿಗೆ 3.5 ಪರ್ಸೆಂಟ್ ಬಡ್ಡಿಯ ಕಾರ್ಡಿನಲ್ಲಿ 30,000 ಒಂದು ತಿಂಗಳು ಬಾಕಿ ಉಳಿದರೆ 1,050 ಬಡ್ಡಿ, ಅದಕ್ಕೆ ಜಿಎಸ್‌ಟಿ 189, ಒಟ್ಟು 1,239 ರೂಪಾಯಿ. ಮೂರು ತಿಂಗಳು ಲೆಕ್ಕ ಇಟ್ಟು ಗಳಿಸಿದ 820 ಒಂದೇ ತಿಂಗಳಲ್ಲಿ ಹೋಯಿತು, ಮೇಲೆ ನಾನೂರು ಕೈಯಿಂದ ಹೋಯಿತು.

ಆಟೊ ಡೆಬಿಟ್ ಹಾಕಿಕೊಳ್ಳಿ. ಹಾಕುವಾಗ ಫಾರಂನಲ್ಲಿ ಟೋಟಲ್ ಅಂತ ಟಿಕ್ ಆಗಿದೆಯಾ ಅಂತ ಕಣ್ಣಿಟ್ಟು ನೋಡಿ, ಬ್ಯಾಂಕಿನವರು ತುಂಬಿಕೊಟ್ಟ ಫಾರಂ ಆದರೆ ಇನ್ನೊಂದು ಸಲ ನೋಡಿ. ಬಿಲ್ಲಿನ ತಾರೀಖು ಸಂಬಳಕ್ಕೆ ಹೊಂದುತ್ತಿಲ್ಲ ಅಂದರೆ ಬದಲಾಯಿಸಿ ಅಂತ ಕೇಳಬಹುದು, ಕನಿಷ್ಠ ಒಂದು ಸಲವಾದರೂ ಬದಲಾಯಿಸಲು ಅವಕಾಶ ಕೊಡಬೇಕು ಅಂತ ಆರ್‌ಬಿಐ ನಿಯಮವೇ ಇದೆ. ದೊಡ್ಡ ಖರೀದಿ ಬಿಲ್ ತಯಾರಾದ ಮಾರನೇ ದಿನ ಮಾಡಿದರೆ ಕಟ್ಟಲು ಜಾಸ್ತಿ ದಿನ ಸಿಗುತ್ತದೆ.

ಲಿಮಿಟ್ ಕಡಿಮೆ ಇದ್ದವರಿಗೂ ಗುರಿ ಮುಟ್ಟಲು ಆಗುತ್ತದೆ. ಸಂಬಳದ ಚೀಟಿ ಇಲ್ಲದವರು ಎಫ್‌ಡಿ ಮೇಲೆ ಕಾರ್ಡ್ ತಗೊಂಡಿರುತ್ತಾರೆ, ಲಿಮಿಟ್ 20,000 ಇರುತ್ತದೆ, ಗುರಿ 50,000. ಬಿಲ್ ಬರುವವರೆಗೆ ಕಾಯಬೇಡಿ. 15,000 ಖರ್ಚಾದ ಕೂಡಲೇ ಆ್ಯಪ್‌ನಿಂದ ಕಟ್ಟಿಬಿಡಿ, ಅಷ್ಟು ಲಿಮಿಟ್ ಮತ್ತೆ ಬಳಸಲು ಸಿಗುತ್ತದೆ. ಹೀಗೆ ಮಾಡಿದರೆ ಸಿಬಿಲ್ ಸ್ಕೋರಿಗೂ (ನೀವು ಸಾಲ ಹೇಗೆ ತೀರಿಸುತ್ತೀರಿ ಅಂತ ಬ್ಯಾಂಕುಗಳು ನೋಡುವ ಅಂಕ) ಒಳ್ಳೆಯದು, ಲಿಮಿಟ್ಟಿನ 30 ಪರ್ಸೆಂಟ್ ಒಳಗೆ ಬಾಕಿ ಇದ್ದರೆ ವಾಸಿ ಅನ್ನುತ್ತಾರೆ. ಬೋನಸ್ ಆಸೆಗೆ ಒಂದೇ ತಿಂಗಳಲ್ಲಿ ಮೂರ್ನಾಲ್ಕು ಬ್ಯಾಂಕಿಗೆ ಅರ್ಜಿ ಹಾಕುವುದು ಮಾತ್ರ ಬೇಡ. ಪ್ರತಿ ಅರ್ಜಿಯೂ ಸಿಬಿಲ್‌ನಲ್ಲಿ ದಾಖಲಾಗುತ್ತದೆ. ಮುಂದೆ ಟ್ರ್ಯಾಕ್ಟರ್ ಸಾಲ, ಮನೆ ಸಾಲ, ಬೆಳೆ ಸಾಲದ ರಿನ್ಯೂವಲ್‌ಗೆ ಹೋದಾಗ ಮ್ಯಾನೇಜರ್ ನೋಡುವುದು ಅದನ್ನೇ. ಡ್ಯೂ ಡೇಟ್ ದಾಟಿ 3 ದಿನ ಮೀರಿದರೆ ಬಾಕಿ ಅಂತ ಅಲ್ಲಿಗೆ ವರದಿ ಹೋಗಬಹುದು.

ಕೊನೆಯ ವಾರ, ಮತ್ತು ಬೋನಸ್ ಬರದಿದ್ದರೆ

90ನೇ ದಿನದವರೆಗೆ ಎಳೆಯಬೇಡಿ. ಎಸ್‌ಎಂಎಸ್ ಇವತ್ತೇ ಬರುತ್ತದೆ, ಆದರೆ ಆ ಖರ್ಚು ಬ್ಯಾಂಕಿನ ಪುಸ್ತಕಕ್ಕೆ ಏರಲು ಎರಡು ಮೂರು ದಿನ ಬೇಕು. ಆನ್‌ಲೈನ್ ಆರ್ಡರ್ ಆದರೆ ಸಾಮಾನು ಕಳಿಸಿದ ಮೇಲೆ ಏರುವುದೂ ಇದೆ. ಕೆಲವು ಬ್ಯಾಂಕ್ ಖರೀದಿಯ ತಾರೀಖು ನೋಡುತ್ತವೆ, ಕೆಲವು ಪುಸ್ತಕಕ್ಕೆ ಏರಿದ ತಾರೀಖು. ಹತ್ತು ದಿನ ಮುಂಚೆಯೇ ಮುಗಿಸಿದರೆ ಈ ತಲೆನೋವೇ ಇಲ್ಲ.

ಸ್ವಲ್ಪ ಕಡಿಮೆ ಬಿದ್ದರೆ ಮುಂದೆ ಹೇಗೂ ಬೇಕಾಗುವುದನ್ನು ಈಗಲೇ ತಗೊಳ್ಳಿ. ವರ್ಷದ ರೀಚಾರ್ಜ್, ಎರಡು ತಿಂಗಳ ಎಣ್ಣೆ ಬೇಳೆ, ಅಮ್ಮನ ಮಾತ್ರೆ, ಮುಂದಿನ ತಿಂಗಳು ಹೋಗಬೇಕಾದ ರೈಲಿನ ಟಿಕೆಟ್. ಶಾಪಿಂಗ್ ಸೈಟಿನ ಗಿಫ್ಟ್ ವೋಚರ್ ಕೂಡ ತಗೊಳ್ಳಬಹುದು, ನಿಮ್ಮ ಕಾರ್ಡ್ ಅದನ್ನು ಹೊರಗಿಟ್ಟಿಲ್ಲದಿದ್ದರೆ. ಹೊಸ ಫೋನ್ ತಗೊಳ್ಳುವ ಯೋಚನೆ ಈ ವಾರವೇ ಹುಟ್ಟಿದ್ದರೆ ಅದನ್ನು ಬಿಡಿ.

ಗುರಿ ಮುಟ್ಟಿದ ಮೇಲೆ ಬೋನಸ್ ಬರಲು ಒಂದು ತಿಂಗಳೋ ಎರಡು ತಿಂಗಳೋ ಆಗಬಹುದು, ಷರತ್ತಿನಲ್ಲೇ ಬರೆದಿರುತ್ತಾರೆ. ಈ ಸಮಯದಲ್ಲೇ "ನಿಮ್ಮ ಬೋನಸ್ ಪಾಯಿಂಟ್ ಇವತ್ತು ಎಕ್ಸ್‌ಪೈರ್ ಆಗುತ್ತೆ, ಈ ಲಿಂಕ್ ಒತ್ತಿ" ಅಂತ ಮೆಸೇಜ್ ಬರುತ್ತದೆ, ಬ್ಯಾಂಕಿನ ಹೆಸರಿನಲ್ಲೇ ಆ್ಯಪ್ ಫೈಲ್ ಕಳಿಸುತ್ತಾರೆ. ಯಾವ ಬ್ಯಾಂಕೂ ಬೋನಸ್ ಕೊಡಲು ಒಟಿಪಿ ಕೇಳುವುದಿಲ್ಲ. ಒತ್ತಿಬಿಟ್ಟಿದ್ದರೆ ತಡಮಾಡದೆ ಕಾರ್ಡ್ ಬ್ಲಾಕ್ ಮಾಡಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹೇಳಿದ ಅವಧಿಯಲ್ಲಿ ಬೋನಸ್ ಬರಲಿಲ್ಲ ಅಂದರೆ ಸ್ಕ್ರೀನ್‌ಶಾಟ್, ಇಮೇಲ್ ಉತ್ತರ, ಸ್ಟೇಟ್‌ಮೆಂಟ್ ಮೂರನ್ನೂ ಸೇರಿಸಿ ಬ್ಯಾಂಕಿಗೆ ಲಿಖಿತ ದೂರು ಕೊಡಿ, ದೂರಿನ ನಂಬರ್ ತಗೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಉತ್ತರ ಸರಿ ಅನ್ನಿಸದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಹಾಕಬಹುದು. ಅದಕ್ಕೆ ಫೀ ಇಲ್ಲ, ವಕೀಲರೂ ಬೇಡ. 14448ಕ್ಕೆ ಫೋನ್ ಮಾಡಿದರೆ ಹೇಗೆ ಹಾಕಬೇಕು ಅಂತ ಹೇಳುತ್ತಾರೆ.

ಬೋನಸ್ ಬಂದ ಮೇಲೆ ಕಾರ್ಡ್ ಇಟ್ಟುಕೊಳ್ಳಬೇಕಾ ಬೇಡವಾ ಅನ್ನುವುದು ವಾರ್ಷಿಕ ಫೀ ಮೇಲೆ ನಿಂತಿದೆ. ಫೀ ಇಲ್ಲದ ಕಾರ್ಡಾದರೆ ಇಟ್ಟುಕೊಳ್ಳಿ, ಹಳೆಯ ಕಾರ್ಡ್ ಇದ್ದಷ್ಟೂ ಸಿಬಿಲ್‌ಗೆ ಒಳ್ಳೆಯದು. ಫೀ ಇದ್ದು, ನಿಮಗೆ ಉಪಯೋಗ ಇಲ್ಲದಿದ್ದರೆ ಎರಡನೇ ವರ್ಷದ ಫೀ ಬೀಳುವ ಒಂದು ತಿಂಗಳ ಮೊದಲು ಮುಚ್ಚಿಸಿ. ಅದಕ್ಕೂ ಮುಂಚೆ ಉಳಿದ ಪಾಯಿಂಟ್ ಬಳಸಿಬಿಡಿ, ಕಾರ್ಡ್ ಮುಚ್ಚಿದರೆ ಅವೂ ಹೋಗುತ್ತವೆ. ಬಾಕಿ ಪೂರ್ತಿ ಕಟ್ಟಿ ಅರ್ಜಿ ಕೊಟ್ಟ ಮೇಲೆ 7 ಕೆಲಸದ ದಿನದೊಳಗೆ ಬ್ಯಾಂಕ್ ಕಾರ್ಡ್ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿಯಂತೆ ನಿಮಗೆ ಕೊಡಬೇಕು ಅಂತ ಆರ್‌ಬಿಐ ನಿಯಮ ಇದೆ. ಮುಚ್ಚಿದ್ದಕ್ಕೆ ಬ್ಯಾಂಕಿನಿಂದ ಪತ್ರ ತಗೊಂಡು, ಒಂದೆರಡು ತಿಂಗಳು ಬಿಟ್ಟು ವರ್ಷಕ್ಕೊಮ್ಮೆ ಪುಕ್ಕಟೆ ಸಿಗುವ ಸಿಬಿಲ್ ರಿಪೋರ್ಟ್ ತೆಗೆದು, ಆ ಕಾರ್ಡಿನ ಮುಂದೆ ಮುಚ್ಚಿದೆ ಅಂತ ಬಂದಿದೆಯಾ ನೋಡಿಕೊಳ್ಳಿ.